ಊರಿಗೆ ಬೆನ್ನು ಹಾಕಿ ಊರಿಗೆ: ಧಾರವಾಡ ವಂದೇ ಭಾರತ್

2023ರ ಜೂನ್ ಕೊನೆಯಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾಯಿತು. ಅವತ್ತಿನಿಂದ ಎರಡು ಮೂರು ತಿಂಗಳಿಗೊಮ್ಮೆ ಅದರಲ್ಲೇ ಊರಿಗೆ ಹೋಗುತ್ತಿದ್ದೇನೆ. ತಾನಾಗಿ ಮುಚ್ಚುವ ಬಾಗಿಲು, ಬಣ್ಣ, ಲೈಟು ಎಲ್ಲ ನೀವು ವಿಡಿಯೋದಲ್ಲಿ ನೋಡಿರುತ್ತೀರಿ, ಬಿಡಿ. ನನ್ನ ತಕರಾರು ಸೀಟಿನದು.

ಚೇರ್ ಕಾರ್ ಬೋಗಿಯಲ್ಲಿ ಅರ್ಧ ಸೀಟು ಆ ಕಡೆ ಮುಖ, ಅರ್ಧ ಈ ಕಡೆ. ತಿರುಗಿಸಲು ಬರುವುದಿಲ್ಲ. ತಿರುಗುವ ಸೀಟು ಬೇಕೆಂದರೆ ಎಕ್ಸಿಕ್ಯುಟಿವ್ ಕ್ಲಾಸ್‌ಗೆ ಹತ್ತಿರ ಹತ್ತಿರ ದುಪ್ಪಟ್ಟು ಕೊಡಬೇಕು. ಸಾವಿರದ ಮೇಲೆ ದುಡ್ಡು ಕೊಟ್ಟು ಊರಿಗೆ ಬೆನ್ನು ಹಾಕಿಕೊಂಡು ಊರಿಗೆ ಹೋಗುವುದು! ತಿಪಟೂರಿನ ತೆಂಗಿನ ತೋಟಗಳು ಎದುರು ಬರುವುದೇ ಇಲ್ಲ, ಬರೀ ಹಿಂದೆ ಓಡುತ್ತವೆ. ಅರಸೀಕೆರೆ ಹೊತ್ತಿಗೆ ನನಗೆ ತಲೆ ಸುತ್ತು ಶುರು. ಹಳೇ ರೈಲಾದರೆ ಅಲ್ಲಿ ಕಿಟಕಿಯಿಂದ ಕೈ ಚಾಚಿ ಒಂದು ಬಿಸಿ ವಡೆ ತಗೊಳ್ಳಬಹುದಿತ್ತು. ಇದು ಅಲ್ಲಿ ನಿಲ್ಲುವುದೂ ಇಲ್ಲ, ಕಿಟಕಿ ತೆಗೆಯುವುದೂ ಇಲ್ಲ.

ಇನ್ನು ಸಮಯ. ಹುಬ್ಬಳ್ಳಿಗೆ ಜನಶತಾಬ್ದಿಗಿಂತ ಒಂದು ಗಂಟೆ ಆಚೀಚೆ ಉಳಿಯುತ್ತದೆ. ಆದರೆ ರೈಲು ಬಿಡುವುದು ಬೆಳಗ್ಗೆ 5.45ಕ್ಕೆ. ನಾನು ನಾಲ್ಕಕ್ಕೆ ಎದ್ದು, ಸ್ಟೀಲ್ ಫ್ಲಾಸ್ಕಿಗೆ ಶುಂಠಿ ಚಹಾ ಸುರಿದು, ಕತ್ತಲಲ್ಲಿ ಆಟೋದವನ ಜೊತೆ ಚೌಕಾಸಿ ಮಾಡಿ ಮೆಜೆಸ್ಟಿಕ್ ಸೇರಬೇಕು. ಉಳಿದ ಒಂದು ಗಂಟೆ ನನ್ನ ನಿದ್ದೆಯದೇ. ಗಂಟೆಗೆ 160 ಕಿ.ಮೀ. ವೇಗದಲ್ಲಿ ಓಡಬಲ್ಲ ರೈಲಂತೆ. ಬೋಗಿಯೊಳಗಿನ ಬೋರ್ಡಿನಲ್ಲಿ 110 ದಾಟಿದ್ದನ್ನು ನಾನಂತೂ ನೋಡಿಲ್ಲ. ಹಳಿ ಅವಕಾಶ ಕೊಟ್ಟಷ್ಟೇ ಓಟ, ಅಲ್ವಾ?

ನನ್ನ ಲೆಕ್ಕದಲ್ಲಿ ರೈಲ್ವೆಯ ದುಡ್ಡು ಸಾರ್ಥಕವಾದದ್ದು ಹಳಿಯಲ್ಲೇ. ಮೊದಲು ಒಂಟಿ ಹಳಿ ಇದ್ದಾಗ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ 'ಕ್ರಾಸಿಂಗ್' ಅಂತ, ಎದುರಿನ ರೈಲು ದಾಟುವವರೆಗೆ, ಅರ್ಧ ಗಂಟೆ ನಿಲ್ಲಿಸುತ್ತಿದ್ದರು. ಜೋಡಿ ಹಳಿ, ಕರೆಂಟು ಬಂದ ಮೇಲೆ ಆ ಕಾಟ ಕಡಿಮೆಯಾಯಿತು. ಅದರ ಲಾಭ ಬೇರೆ ರೈಲುಗಳ ಸೆಕೆಂಡ್ ಸೀಟಿಂಗ್‌ನವರಿಗೂ ಸಿಕ್ಕಿತು. ಅವರ ಟಿಕೆಟ್ಟು ನನ್ನದರ ಕಾಲು ಭಾಗವೂ ಇಲ್ಲ.

ಇಷ್ಟೆಲ್ಲ ಬೈದುಕೊಂಡೇ ಹೋದ ವರ್ಷ ಅವ್ವನನ್ನು ಇದರಲ್ಲಿ ಕರೆದುಕೊಂಡು ಬಂದೆ. ಮಂಡಿ ನೋವು ಅವಳಿಗೆ. ರೈಲಿನಲ್ಲಿ ಪಾಯಿಖಾನೆಗೆ ಹೋಗಬೇಕಾಗುತ್ತದೆಂದು ಹಿಂದಿನ ರಾತ್ರಿಯಿಂದ ನೀರೇ ಕುಡಿಯುತ್ತಿರಲಿಲ್ಲ. ದಾವಣಗೆರೆ ದಾಟಿದ ಮೇಲೆ ಒಲ್ಲದ ಮನಸ್ಸಿನಿಂದ ಎದ್ದು ಹೋದಳು. ಹತ್ತು ನಿಮಿಷ ಬರಲೇ ಇಲ್ಲ. ನನಗೆ ಗಾಬರಿ. ನೋಡಿದರೆ ಮುಖ ತೊಳೆದು, ತಲೆ ಬಾಚಿ, ಹೊಸ ಕುಂಕುಮ ಇಟ್ಟುಕೊಂಡು ಬರುತ್ತಿದ್ದಾಳೆ. "ನಮ್ಮನಿ ಬಚ್ಚಲಕ್ಕಿಂತ ಚೊಲೋ ಐತಲ್ಲೋ!" ಆಮೇಲೆ ನನ್ನ ಫ್ಲಾಸ್ಕಿನ ಚಹಾ ಎರಡು ಲೋಟ ಕುಡಿದಳು. ಸೀಟು ಹಿಮ್ಮುಖ ಅಂದೆ. "ಹೌದನ? ನನಗ ಗೊತ್ತ ಆಗಲಿಲ್ಲ" ಅಂದು ಪೇಢೆ ಡಬ್ಬಿ ತೆಗೆದಳು.

ಅವತ್ತಿನಿಂದ ನನ್ನ ಬಾಯಿ ಸ್ವಲ್ಪ ಕಟ್ಟಿದೆ. ಇನ್ನು ಮೇಲೆ ಒಬ್ಬನೇ ಹೋಗುವಾಗ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಸ್ಲೀಪರ್ ಸಾಕು. ರಾತ್ರಿ ಮಲಗಿದರೆ ಬೆಳಗ್ಗೆ ಊರು. ಅವ್ವ ಜೊತೆಗಿದ್ದರೆ ವಂದೇ ಭಾರತ್. ಮುಂದಿನ ತಿಂಗಳು ಬರುತ್ತಾಳೆ, ಎರಡು ಸೀಟು ಹಾಕಿಸಿದ್ದೇನೆ. ಮುಖ ಯಾವ ಕಡೆ ಬರುತ್ತದೋ, ಹತ್ತಿದ ಮೇಲೇ ಗೊತ್ತು.