ಜಯನಗರದ ಶಾಲೆಯಲ್ಲಿ ‘ಒಪ್ಪಿಗೆ’ಯ ಕಾರ್ಯಾಗಾರ: ಪೋಷಕಿಯೊಬ್ಬಳ ವಿಮರ್ಶೆ

ನನ್ನ ಮಗಳು ಎಂಟನೆಯ ತರಗತಿಯಲ್ಲಿ ಓದುತ್ತಿರುವ ಜಯನಗರದ ಶಾಲೆಯಲ್ಲಿ, ಲೈಂಗಿಕ ಒಪ್ಪಿಗೆಯ ಶಿಕ್ಷಣವು ಎಲ್ಲ ಶಾಲೆಗಳಲ್ಲೂ ಕಡ್ಡಾಯವಾಗಬೇಕೆಂದು ಪ್ರಚಾರ ಮಾಡುತ್ತಿರುವ ಯುವ ಕಾರ್ಯಕರ್ತೆಯೊಬ್ಬರು ಕಳೆದ ಶನಿವಾರ ಎರಡು ಗಂಟೆಗಳ ಕಾರ್ಯಾಗಾರ ನಡೆಸಿದರು. ಪೋಷಕರಿಗೂ ಹಿಂದಿನ ಬೆಂಚುಗಳಲ್ಲಿ ಕೂರಲು ಅವಕಾಶವಿತ್ತು.

ಅವರು ಆರಂಭಿಸಿದ್ದು ಜಾಮಿಟ್ರಿ ಬಾಕ್ಸಿನಿಂದ. ಕೈವಾರ ಕೊಡುತ್ತೀಯಾ ಎಂದು ಹುಡುಗನೊಬ್ಬ ಕೇಳಿದಾಗ ಪಕ್ಕದ ಹುಡುಗಿ ತಲೆ ತಗ್ಗಿಸಿ ‘ಹೂಂ’ ಎಂದಳು, ಆದರೆ ಅವಳ ಅಂಗೈ ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿದೇ ಇತ್ತು. ‘ಬಾಯಿ ಹೇಳಿದ್ದು ನಿಜವೋ, ಕೈ ಹೇಳಿದ್ದೋ?’ ಎಂಬ ಪ್ರಶ್ನೆಗೆ ಇಡೀ ತರಗತಿ ಮೌನವಾಯಿತು. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಸಮ್ಮತಿಯಾಗದು ಎಂದು ಅತ್ಯಾಚಾರದ ಕಾನೂನಿಗೆ 2013ರಲ್ಲಿ ತಂದ ತಿದ್ದುಪಡಿಯ ನಂತರ ನಮ್ಮ ಕಾನೂನೇ ಹೇಳುತ್ತದೆ ಎಂಬುದನ್ನೂ, 2012ರ ಪೋಕ್ಸೊ ಕಾಯ್ದೆಯಡಿ 18 ವರ್ಷದೊಳಗಿನವರ ಒಪ್ಪಿಗೆಗೆ ಮಾನ್ಯತೆಯಿಲ್ಲ ಎಂಬುದನ್ನೂ ಅವರು ಮಕ್ಕಳನ್ನು ಹೆದರಿಸದೆ ವಿವರಿಸಿದ ರೀತಿ ನನಗೆ ಬಹಳ ಹಿಡಿಸಿತು. ಆಸ್ಟ್ರೇಲಿಯಾದಲ್ಲಿ ಶಾನೆಲ್ ಕಾಂಟೋಸ್ ಎಂಬ ಯುವತಿ 2021ರಲ್ಲಿ ಆರಂಭಿಸಿದ ಸಹಿ ಸಂಗ್ರಹದ ಬೆನ್ನಿಗೆ, ಮರುವರ್ಷವೇ ಅಲ್ಲಿನ ಶಿಕ್ಷಣ ಸಚಿವರು ಈ ಪಾಠವನ್ನು ಕಡ್ಡಾಯಗೊಳಿಸಲು ಒಪ್ಪಿದ್ದನ್ನೂ ನೆನಪಿಸಿದರು.

ಕೊರತೆಯೊಂದಿದೆ. ಮನೆಗೆ ಕೊಟ್ಟ ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಮೊಮ್ಮಗನಿಗಾಗಿ ಬಂದಿದ್ದ ಅಜ್ಜಿಯೊಬ್ಬರು ಅದನ್ನು ಎರಡು ಬಾರಿ ತಿರುವಿ ನೋಡಿ, ಮಡಚಿ ಚೀಲದೊಳಗಿಟ್ಟರು. ಅವರಿಗೆ ಓದಲು ದಕ್ಕಿದ್ದು ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದಿದ್ದ ಮಕ್ಕಳ ಸಹಾಯವಾಣಿ 1098 ಮಾತ್ರ. ಕನ್ನಡದ ಪ್ರತಿ ಸಿದ್ಧವಾದ ಕೂಡಲೇ ನಮ್ಮ ಬಡಾವಣೆಯ ಸರ್ಕಾರಿ ಶಾಲೆಗೂ ಇವರನ್ನು ಕರೆಸಬೇಕೆಂದು ಮುಖ್ಯೋಪಾಧ್ಯಾಯರೊಡನೆ ಮಾತನಾಡಿದ್ದೇನೆ.