ಸದ್ದಿಲ್ಲದ ಡೆಸ್ಕ್‌ಟಾಪ್‌ಗೆ ಯಾವ ಡಸ್ಟ್ ಫಿಲ್ಟರ್?

ನನ್ನ ಕಂಪ್ಯೂಟರ್ ಇರುವುದು ಮೇಜಿನ ಮೇಲೇ, ಕಿವಿಯಿಂದ ಒಂದೆರಡು ಮೊಳ ದೂರ. ಹಾಗಾಗಿ ಧೂಳು ಎಷ್ಟು ತಡೆಯುತ್ತದೆ ಅನ್ನುವುದರ ಜೊತೆಗೆ ಸದ್ದೆಷ್ಟು ಅಂತಲೂ ನೋಡಲೇಬೇಕು. ಮುಂದೆ ಗಾಳಿ ಎಳೆಯುವ 120 ಮಿ.ಮೀ. ಫ್ಯಾನ್ ಎರಡು, ಹಿಂದೆ ಹೊರಗೆ ತಳ್ಳುವುದು ಒಂದು. ಮುಂದಿನ ಎರಡಕ್ಕೆ ಮೂರು ಥರದ ಫಿಲ್ಟರ್ ಹಾಕಿ ನೋಡಿದೆ.

ಧೂಳು ಹಿಡಿಯುವುದರಲ್ಲಿ ಸ್ಪಂಜೇ ಮೇಲು. ತಿಂಗಳ ನಂತರ ಮುಚ್ಚಳ ತೆಗೆದರೂ ಹೀಟ್‌ಸಿಂಕ್ (ಒಳಗಿನ ಚಿಪ್‌ನ ಬಿಸಿ ಎಳೆದುಕೊಳ್ಳುವ ಲೋಹದ ಭಾಗ) ಹೊಸದರಂತಿತ್ತು. ಆದರೆ ಗಾಳಿಗೂ ಅದು ಅಡ್ಡವೇ ಅಲ್ವಾ? ಒಳಗೆ ಬಿಸಿ ಏರಿತು, ಬಿಸಿ ಏರಿದ್ದಕ್ಕೆ ಫ್ಯಾನ್‌ಗಳು ಜೋರಾಗಿ ತಿರುಗಿದವು. ತೊಳೆದರೆ ಪೂರ್ತಿ ಒಣಗುವ ತನಕ ಕಾಯಬೇಕು. ಇನ್ನೊಂದು ಹಳೇ ಕ್ಯಾಬಿನೆಟ್ಟಿನ (ಕಂಪ್ಯೂಟರಿನ ಹೊರಪೆಟ್ಟಿಗೆಯ) ಸ್ಪಂಜನ್ನು ಮುಟ್ಟಿದಾಗ ಅದು ಬೆರಳಲ್ಲೇ ಪುಡಿಪುಡಿಯಾಯಿತು. ಆ ಪುಡಿ ಒಳಗೆ ಹೋದರೆ ಧೂಳಿಗಿಂತ ಕಷ್ಟ.

ಹಳೇ ನೈಲಾನ್ ಸ್ಟಾಕಿಂಗ್ ಕತ್ತರಿಸಿ ಕಟ್ಟಿದ್ದು ಎರಡನೇ ಪ್ರಯೋಗ. ಸಡಿಲವಾದ ಬಟ್ಟೆಯನ್ನು ಫ್ಯಾನ್ ಒಳಗೆಳೆದುಕೊಂಡಿತು, ಅದು ರೆಕ್ಕೆಗೆ ತಾಗಿ ಟಿಕ್ ಟಿಕ್ ಅನ್ನತೊಡಗಿತು. ಅದೇ ದಿನ ಕಿತ್ತೆಸೆದೆ.

ಮೂರನೆಯದು ಸುತ್ತ ಮ್ಯಾಗ್ನೆಟ್ ಪಟ್ಟಿ ಇರುವ ಜಾಲರಿ. ಸ್ಟೀಲ್ ಕ್ಯಾಬಿನೆಟ್ ಆದರೆ ಹೊರಗಿನಿಂದಲೇ ಟಕ್ ಅಂತ ಕೂರುತ್ತದೆ, ಅಲ್ಯೂಮಿನಿಯಂ ಆದರೆ ಕೂರುವುದಿಲ್ಲ. ಸಣ್ಣ ಧೂಳು ಇದರಲ್ಲಿ ನುಸುಳುತ್ತದೆ, ನಿಜ. ಮೊದಲು ಫ್ಯಾನಿನ ಮುಖಕ್ಕೇ ಅಂಟಿಸಿದ್ದಾಗ ಗುಂಯ್ ಅನ್ನುವ ಸಣ್ಣ ಸದ್ದೂ ಬರುತ್ತಿತ್ತು. ಒಂದೆರಡು ಬೆರಳಷ್ಟು ಆಚೆ, ಮುಂದಿನ ಗ್ರಿಲ್ ಮೇಲೆ ಹಾಕಿದೆ. ಸದ್ದು ನಿಂತಿತು.

ನಾನು ಇದನ್ನೇ ಇಟ್ಟುಕೊಂಡೆ. ಯಾಕೆಂದರೆ ಧೂಳು ಕಟ್ಟಿಕೊಂಡರೆ ಯಾವ ಫಿಲ್ಟರ್ ಆದರೂ ಸದ್ದು ಜಾಸ್ತಿ ಮಾಡಿಸುತ್ತದೆ. ಸ್ಪಂಜು ತೆಗೆಯಲು ಸ್ಕ್ರೂ ಬಿಚ್ಚಬೇಕು, ಆ ಸೋಮಾರಿತನಕ್ಕೆ ತಿಂಗಳುಗಟ್ಟಲೆ ಹಾಗೇ ಬಿಡುತ್ತಿದ್ದೆ. ಇದನ್ನು ಕಿತ್ತು, ನಲ್ಲಿಗೆ ಹಿಡಿದು, ಒರೆಸಿ ಮತ್ತೆ ಅಂಟಿಸಿದರೆ ಮುಗಿಯಿತು.

ಜೊತೆಗೆ ಹಿಂದಿನ ಫ್ಯಾನಿನ ವೇಗವನ್ನೂ ತಗ್ಗಿಸಿದೆ. ಫ್ಯಾನ್ ಹೊರಗೆ ತಳ್ಳುವುದಕ್ಕಿಂತ ಒಳಗೆ ಬರುವ ಗಾಳಿ ಜಾಸ್ತಿಯಾದರೆ ಸಂದುಗಳಿಂದ ಗಾಳಿ ಹೊರಗೆ ಹೋಗುತ್ತದೆ, ಫಿಲ್ಟರ್ ಇಲ್ಲದ ಕಡೆಯಿಂದ ಧೂಳು ಅಷ್ಟಾಗಿ ಬರುವುದಿಲ್ಲ. ಹಿಂದಿನ ಸಂದಿಗೆ ಟಿಶ್ಯೂ ಪೇಪರಿನ ಚೂರು ಹಿಡಿದು ನೋಡಿದೆ. ಮೊದಲು ಒಳಕ್ಕೆ ಅಂಟಿಕೊಳ್ಳುತ್ತಿದ್ದದ್ದು ಈಗ ಹೊರಕ್ಕೆ ಹಾರಾಡುತ್ತದೆ.

ಸ್ಪಂಜನ್ನು ಸುಮ್ನೆ ಎಸೆಯಲಿಲ್ಲ. ಮೇಲ್ಗಡೆ ಫ್ಯಾನ್ ಇಲ್ಲದ ಖಾಲಿ ಕಿಂಡಿ ಒಂದಿತ್ತು, ಅದಕ್ಕೆ ಮುಚ್ಚಿದ್ದೇನೆ.