ಹಾಲಿನ ಅಲರ್ಜಿ ಇರುವ ಮಗುವಿಗೆ ಪ್ರೋಬಯಾಟಿಕ್ ಪುಡಿ ಕೊಡುವ ಮುಂಚೆ ಡಬ್ಬಿ ಓದಿ

ನನ್ನ ಮಗಳಿಗೆ ನಾಲ್ಕು ವರ್ಷ. ಹಸುವಿನ ಹಾಲು ಆಗುವುದಿಲ್ಲ. ಬಿಸ್ಕತ್ತಿನ ಪೊಟ್ಟಣವನ್ನೂ ತಿರುಗಿಸಿ ಓದಿಯೇ ಕೊಡುವ ಮನೆ ನಮ್ಮದು. ಅಂಥ ಮನೆಯಲ್ಲೇ ಕಳೆದ ತಿಂಗಳು ಹೀಗಾಯಿತು.

ಅವಳ ಮೊಣಕಾಲಿನ ಹಿಂದೆ ಇಸುಬು ಕೆರೆದು ಕೆರೆದು ಹುಣ್ಣಾಗಿತ್ತು. ಹೊಟ್ಟೆಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾದರೆ ಹೀಗಾಗುತ್ತದೆ, ಪ್ರೋಬಯಾಟಿಕ್ ಕೊಡಿ ಎಂದು ಪರಿಚಯದವರೊಬ್ಬರು ಹೇಳಿದರು. ಮೆಡಿಕಲ್ ಶಾಪಿಗೆ ಹೋದೆ. ಹಾಲಿನ ಅಲರ್ಜಿ ಇದೆ ಅಂತಲೂ ಹೇಳಿದೆ. "ಇದು ಹಾಲಲ್ಲ ಮೇಡಂ, ಬರೀ ಬ್ಯಾಕ್ಟೀರಿಯಾ, ಏನೂ ಆಗಲ್ಲ" ಎಂದು ಡಬ್ಬಿಯಿಂದ ನಾಲ್ಕು ಸ್ಯಾಶೆ ತೆಗೆದುಕೊಟ್ಟರು. ಡಬ್ಬಿ ಅಂಗಡಿಯಲ್ಲೇ ಉಳಿಯಿತು.

ಸಂಜೆ ಅರ್ಧ ಲೋಟ ನೀರಿಗೆ ಒಂದನ್ನು ಕಲಸಿ ಕುಡಿಸಿದೆ. ಹತ್ತು ನಿಮಿಷವೂ ಆಗಿರಲಿಲ್ಲ, "ಅಮ್ಮಾ, ನಾಲಿಗೆ ಕಡೀತಿದೆ" ಅಂದಳು. ಮೇಲ್ದುಟಿ ಒಂದು ಬದಿ ಊದಿತ್ತು. ಫ್ರಾಕ್ ಎತ್ತಿ ನೋಡಿದರೆ ಹೊಟ್ಟೆ, ಬೆನ್ನು ಎಲ್ಲ ಗಂಧೆ. ವಾಂತಿ ಮಾಡಿದಳು, ಕೆಮ್ಮು ಶುರುವಾಯಿತು, ಆಮೇಲೆ ಉಸಿರಿನಲ್ಲಿ ಸುಂಯ್ ಎನ್ನುವ ಸದ್ದು. ಅಲರ್ಜಿಗೆ ಕೊಡುವ ಸೆಟ್ರಿಜಿನ್ ಸಿರಪ್ ಕುಡಿಸಿ ಸ್ವಲ್ಪ ಹೊತ್ತು ನೋಡೋಣ ಎಂದರು ಅತ್ತೆ. ನನಗೆ ಧೈರ್ಯ ಬರಲಿಲ್ಲ. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟರು. ಮತ್ತೆ ಕಾಣಿಸಿಕೊಳ್ಳಬಹುದೆಂದು ರಾತ್ರಿಯೆಲ್ಲ ಅಲ್ಲೇ ಇರಿಸಿಕೊಂಡರು. ಸಿರಪ್ಪಿನಿಂದ ಗಂಧೆ ತಗ್ಗಬಹುದು, ಉಸಿರು ಕಟ್ಟುವುದು ನಿಲ್ಲುವುದಿಲ್ಲ ಎಂದರು ಡಾಕ್ಟರ್.

ಮರುದಿನ ಯಜಮಾನರು ಅಂಗಡಿಗೆ ಹೋಗಿ ಡಬ್ಬಿಯ ಫೋಟೊ ತೆಗೆದುಕೊಂಡು ಬಂದರು. ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದರೆ, ತಳದ ಅಂಚಿನಲ್ಲಿ ಹಾಲಿನ ಅಂಶ ಇದೆ ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ಸ್ಯಾಶೆಯ ಮೇಲೆ ಆ ಸಾಲೇ ಇಲ್ಲ.

ಈ ಬ್ಯಾಕ್ಟೀರಿಯಾಗಳನ್ನು ಎಷ್ಟೋ ಸಲ ಹಾಲಿನ ಅಂಶ ಹಾಕಿಯೇ ಬೆಳೆಸುತ್ತಾರಂತೆ. ಒಣಗಿಸಿ ಪುಡಿ ಮಾಡಿದ ಮೇಲೂ ಕೇಸಿನ್‌ನಂಥ ಹಾಲಿನ ಪ್ರೋಟೀನ್ ಒಂಚೂರು ಉಳಿದಿರಬಹುದು. ಕೆಲವು ಮಕ್ಕಳಿಗೆ ಅಷ್ಟೇ ಸಾಕು. 'ಲ್ಯಾಕ್ಟೋಸ್ ಫ್ರೀ' ಎಂದು ಬರೆದಿದ್ದರೂ ನಂಬಬೇಡಿ. ಲ್ಯಾಕ್ಟೋಸ್ ಎಂದರೆ ಹಾಲಿನ ಸಕ್ಕರೆ. ಅಲರ್ಜಿ ಬರುವುದು ಪ್ರೋಟೀನಿನಿಂದ.

ಆಮೇಲೆ ಕೂತು ಓದಿದೆ. 2001ರಲ್ಲಿ ಫಿನ್‌ಲೆಂಡಿನಲ್ಲಿ ಗರ್ಭಿಣಿಯರಿಗೂ ಹುಟ್ಟಿದ ಕೂಸುಗಳಿಗೂ ಲ್ಯಾಕ್ಟೋಬ್ಯಾಸಿಲಸ್ ಜಿಜಿ ಎಂಬ ಪ್ರೋಬಯಾಟಿಕ್ ಬ್ಯಾಕ್ಟೀರಿಯಾ ಕೊಟ್ಟು ನೋಡಿದಾಗ, ಎರಡು ವರ್ಷದ ಹೊತ್ತಿಗೆ ಅದನ್ನು ಕೊಡದವರಲ್ಲಿ ಶೇ. 46 ಮಕ್ಕಳಿಗೆ ಇಸುಬು ಬಂದಿದ್ದರೆ, ಕೊಟ್ಟವರಲ್ಲಿ ಶೇ. 23 ಮಕ್ಕಳಲ್ಲಿ ಮಾತ್ರ ಕಂಡಿತ್ತು. ಈ ಮಾತೆಲ್ಲ ಹಬ್ಬಿದ್ದು ಬಹುಶಃ ಅಲ್ಲಿಂದಲೇ. 2008ರಲ್ಲಿ ಜರ್ಮನಿಯಲ್ಲಿ ಅದೇ ರೀತಿ ಕೊಟ್ಟು ನೋಡಿದರೆ ಪ್ರಯೋಜನ ಕಾಣಲಿಲ್ಲ. ಇವೆರಡೂ ಇಸುಬು ಬರದಂತೆ ತಡೆಯುವ ಪ್ರಯತ್ನ. ಈಗಾಗಲೇ ಬಂದಿರುವ ಇಸುಬಿನ ಬಗ್ಗೆ ಕಾಕ್ರೇನ್ ಎಂಬ ಸಂಶೋಧಕರ ಸಂಸ್ಥೆಯ 2018ರ ವಿಮರ್ಶೆ 39 ಪ್ರಯೋಗಗಳನ್ನು, 2599 ಜನರನ್ನು ಒಟ್ಟಿಗೆ ನೋಡಿ, ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದಿದೆ. ಇಷ್ಟಕ್ಕೋಸ್ಕರ ಮಗಳನ್ನು ಆ ಸ್ಥಿತಿಗೆ ತಂದೆನಲ್ಲ ಎಂಬ ಸಂಕಟ ನನಗೆ ಇನ್ನೂ ಹೋಗಿಲ್ಲ.

ದಯವಿಟ್ಟು ಬಿಡಿ ಸ್ಯಾಶೆ ತರಬೇಡಿ. ಇಡೀ ಡಬ್ಬಿ ಕೈಗೆ ತೆಗೆದುಕೊಂಡು ಓದಿ, ನಿಮ್ಮ ಮಗುವಿನ ಡಾಕ್ಟರಿಗೂ ತೋರಿಸಿ. ಭೇದಿಯಾದಾಗ ಇದೇ ಪುಡಿ ಬರೆದುಕೊಡುವುದು ರೂಢಿ. ಬೇರೆ ಊರಿನಲ್ಲಿ, ಹೊಸ ಡಾಕ್ಟರ ಹತ್ತಿರ ಹೋದಾಗ ಹಾಲಿನ ಅಲರ್ಜಿಯ ವಿಷಯವನ್ನೇ ಮೊದಲು ಹೇಳಿ. ಮಗುವನ್ನು ನೋಡಿಕೊಳ್ಳುವ ಅಜ್ಜಿ, ಅಂಗನವಾಡಿ ಟೀಚರ್, ಎಲ್ಲರಿಗೂ ಹೇಳಿಡಿ.